ಹೊಸಬರನ್ನು ಮುಂದೆ ನಿಲ್ಲಿಸುತ್ತಿದ್ದ ಮೇಷ್ಟ್ರು

ಹಕ್ಕಿ ನೋಡಲು ಹೊರಟ ಗುಂಪಿನಲ್ಲಿ ಹೊಸಬರು ಸಾಮಾನ್ಯವಾಗಿ ಹಿಂದೆ ಉಳಿದುಬಿಡುತ್ತಾರೆ. ಮುಂದಿದ್ದವರು ಹಕ್ಕಿ ಕಂಡು, ಹೆಸರು ಹೇಳಿ, ನಡೆದಾಯಿತು. ಹಿಂದಿನವರು ಬರುವಷ್ಟರಲ್ಲಿ ಕೊಂಬೆ ಖಾಲಿ. ನನಗೆ ಕಲಿಸಿದ ಮೇಷ್ಟ್ರು ಈ ಸಾಲನ್ನೇ ತಿರುಗಿಸಿಬಿಟ್ಟಿದ್ದರು. ಹೊಸಬರು ಅವರ ಪಕ್ಕದಲ್ಲೇ ನಡೆಯಬೇಕು, ಹಳಬರು ಹಿಂದೆ. "ನೀವು ಎಷ್ಟೋ ಸಲ ನೋಡಿದ್ದೀರಿ, ಇವರು ನೋಡಲಿ ಬಿಡಿ" ಎನ್ನುತ್ತಿದ್ದರು. ಮೇಷ್ಟ್ರು ಈಗಿಲ್ಲ. ಹೊಸಬರನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರು ಮಾಡುತ್ತಿದ್ದದ್ದನ್ನೇ ನಾನೂ ಮಾಡುತ್ತೇನೆ.

ಮೊದಲ ಕೆಲಸ ಬೈನಾಕ್ಯುಲರ್ ಸರಿ ಮಾಡುವುದು. ಹೆಚ್ಚಿನ ಹೊಸಬರಿಗೆ ಹಕ್ಕಿ ಸಿಗದೇ ಇರಲು ಅದೇ ಕಾರಣ. ಎರಡು ಕೊಳವೆಗಳ ನಡುವಿನ ಅಂತರ ಅವರ ಕಣ್ಣಿಗೆ ಹೊಂದಬೇಕು. ಕನ್ನಡಕ ಇದ್ದರೆ ಕಣ್ಣಿನ ಕಡೆಯ ರಬ್ಬರ್ ಬಳೆಯನ್ನು ಕೆಳಗೆ ಮಡಚಬೇಕು. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಚಿತ್ರ ಚೂಪು ಮಾಡಿಕೊಳ್ಳಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಚಿಕ್ಕ ಬಳೆಯಿಂದ ಬಲಗಣ್ಣಿಗೆ. ಮೇಷ್ಟ್ರು ಇದನ್ನು ಪ್ರತಿಯೊಬ್ಬರಿಗೂ ಪಕ್ಕದಲ್ಲಿ ನಿಂತು ಮಾಡಿಸುತ್ತಿದ್ದರು. ಗುಂಪು ಕಾಯಬೇಕಾಗುತ್ತಿತ್ತು, ಕಾಯುತ್ತಿತ್ತು. ಇನ್ನೂ ಕೊಂಡಿಲ್ಲದವರಿಗೆ 10×42ಕ್ಕಿಂತ 8×42 ಒಳ್ಳೆಯದು ಎನ್ನುತ್ತಿದ್ದರು (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ). ಹಕ್ಕಿ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ ನಿಜ, ಆದರೆ ನೋಟ ಅಗಲ, ಕೈನಡುಕ ಕಮ್ಮಿ. ಇನ್ನೊಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು. ಬೈನಾಕ್ಯುಲರಿನಲ್ಲಿ ಹಕ್ಕಿಯನ್ನು ಹುಡುಕಬೇಡಿ. ಬರಿಗಣ್ಣಲ್ಲಿ ಹಕ್ಕಿ ಹಿಡಿದುಕೊಳ್ಳಿ, ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿನ ಹತ್ತಿರ ತನ್ನಿ.

"ಅಗೋ ಅಲ್ಲಿ" ಎನ್ನುವುದನ್ನು ಅವರು ಒಪ್ಪುತ್ತಿರಲಿಲ್ಲ. ಅಲ್ಲಿ ಅಂದರೆ ಎಲ್ಲಿ, ಅಲ್ವಾ? ಮರವನ್ನು ಗಡಿಯಾರ ಅಂದುಕೊಂಡು "ಎರಡು ಗಂಟೆಯ ಕಡೆ, ಒಣ ಕೊಂಬೆಯ ಕವಲಿನಲ್ಲಿ" ಎಂದು ಹೇಳಿಸುತ್ತಿದ್ದರು.

ಹೆಸರನ್ನು ಮಾತ್ರ ತಕ್ಷಣ ಹೇಳುತ್ತಿರಲಿಲ್ಲ. "ಏನು ಕಂಡಿತು?" ಎಂದು ಕೇಳುತ್ತಿದ್ದರು. ಅವರಿಗೆ ತುಂಬ ಇಷ್ಟವಾದ ಪಾಠ ಬೆಳ್ಳಕ್ಕಿಗಳದ್ದು. ಕೆರೆ ಅಂಚಿನಲ್ಲಿ ನಿಂತ ಬಿಳಿ ಹಕ್ಕಿಗಳೆಲ್ಲ ಹೊಸಬರಿಗೆ ಒಂದೇ. ಕೊಕ್ಕು ನೋಡಿ, ಕಾಲು ನೋಡಿ, ಕತ್ತು ಎಷ್ಟುದ್ದ ನೋಡಿ, ಎಲ್ಲಿ ನಿಂತಿದೆ ನೋಡಿ ಎನ್ನುತ್ತಿದ್ದರು. ಕಪ್ಪು ಕೊಕ್ಕು, ಕಪ್ಪು ಕಾಲು, ಬೆರಳು ಮಾತ್ರ ಹಳದಿ ಕಾಲುಚೀಲ ಹಾಕಿದ ಹಾಗೆ ಇದ್ದರೆ ಅದು ಸಣ್ಣ ಬೆಳ್ಳಕ್ಕಿ. ಗಿಡ್ಡ ಕತ್ತು, ಗಿಡ್ಡ ಹಳದಿ ಕೊಕ್ಕು, ಮೇಯುವ ದನದ ಕಾಲ ಬಳಿ ಹುಳಕ್ಕೆ ಕಾಯುತ್ತಿದ್ದರೆ ದನಗಳ ಬೆಳ್ಳಕ್ಕಿ. ಮರಿ ಮಾಡುವ ಕಾಲದಲ್ಲಿ ಇದರ ತಲೆ, ಕತ್ತು ಕಿತ್ತಳೆಗೆ ತಿರುಗುತ್ತವೆ. ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಅದೇ ಕಾಲದಲ್ಲಿ ಕಪ್ಪಾಗುತ್ತದೆ. ಆಗ ಬಣ್ಣ ನಂಬಿದರೆ ಕೆಟ್ಟಿರಿ. ಅದರ ಬಾಯಿಯ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ, ಅದು ವರ್ಷವಿಡೀ ಬದಲಾಗುವುದಿಲ್ಲ. ಹೊಸಬರು ಆ ಗೆರೆಯನ್ನು ತಾವೇ ಕಂಡುಹಿಡಿಯುವ ತನಕ ಮೇಷ್ಟ್ರು ಅಲ್ಲಿಂದ ಕದಲುತ್ತಿರಲಿಲ್ಲ. ಅಪರೂಪದ ಹಕ್ಕಿ ಹುಡುಕಿ ಓಡುವವರಿಗೆ ಇದು ಬೇಸರ ತರುತ್ತಿತ್ತು. ನನಗೆ ಮಾತ್ರ ಇವತ್ತಿಗೂ ಬೆಳ್ಳಕ್ಕಿಗಿಂತ ಒಳ್ಳೆಯ ಮೊದಲ ಪಾಠ ಕಂಡಿಲ್ಲ. ಹಕ್ಕಿ ದೊಡ್ಡದು, ನಿಧಾನಿ, ಬಯಲಲ್ಲೇ ನಿಲ್ಲುತ್ತದೆ.

ಎಲೆ ಉಲಿಯಕ್ಕಿಗಳ ವಿಷಯ ಬೇರೆ. ಎಲೆಯ ಬಣ್ಣದ ಪುಟ್ಟ ಹಕ್ಕಿಗಳು, ಒಂದು ಕ್ಷಣ ನಿಲ್ಲುವುದಿಲ್ಲ. ಎಷ್ಟೋ ಸಲ ಕೂಗು ಕೇಳದೆ ಜಾತಿ ಹೇಳುವುದೇ ಕಷ್ಟ. ಮೇಷ್ಟ್ರು ಎಲ್ಲರೆದುರು "ನನಗೆ ಗೊತ್ತಾಗಲಿಲ್ಲ" ಎಂದು ಹೇಳಿ, ಪಟ್ಟಿಯಲ್ಲಿ ಬರೀ "ಉಲಿಯಕ್ಕಿ" ಎಂದು ಬರೆಸುತ್ತಿದ್ದರು. ಕಂಡ ಹಕ್ಕಿಗಳ ಪಟ್ಟಿಯನ್ನು ಯಾರು ಬೇಕಾದರೂ ದಾಖಲಿಸಬಹುದಾದ, 2002ರಲ್ಲಿ ಶುರುವಾದ ಇ-ಬರ್ಡ್ ಜಾಲತಾಣದಲ್ಲೂ ಜಾತಿ ತಿಳಿಯದಿದ್ದರೆ ಗುಂಪಿನ ಹೆಸರಷ್ಟೇ ಹಾಕಲು ಅವಕಾಶವಿದೆ. ಊಹೆ ಬರೆಯುವುದಕ್ಕಿಂತ ಅದೇ ವಾಸಿ. ಗುರುವಿನ ಬಾಯಲ್ಲೇ "ಗೊತ್ತಾಗಲಿಲ್ಲ" ಎನ್ನುವ ಮಾತು ಕೇಳಿದ ಮೇಲೆ ಹೊಸಬರು ಧೈರ್ಯವಾಗಿ ಪ್ರಶ್ನೆ ಕೇಳುತ್ತಿದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗೂಡಿನ ಹತ್ತಿರ ಮಾತ್ರ ಅವರು ಕಟ್ಟುನಿಟ್ಟು. ಯಾರಾದರೂ ಸರಿ, ನಿಲ್ಲುವ ಹಾಗಿಲ್ಲ.

ಕೊನೆಗೆ ಪಟ್ಟಿ ಓದುವಾಗಲೂ ಶುರು ಹೊಸಬರಿಂದಲೇ. ಅವರು ಕಾಗೆ, ಮೈನಾ, ಗಿಳಿ ಎಂದು ಹೇಳಿ ಮುಗಿಸಿದ ಮೇಲೆ ಹಳಬರ ಸರದಿ. ಕಾಗೆ ಎಂದಾಗ ಯಾರೂ ನಗುವಂತಿರಲಿಲ್ಲ. ಎಷ್ಟು ಕಾಗೆ, ಏನು ಮಾಡುತ್ತಿದ್ದವು ಎಂದು ಮೇಷ್ಟ್ರು ಅಷ್ಟೇ ಆಸಕ್ತಿಯಿಂದ ಕೇಳುತ್ತಿದ್ದರು.

ಒಮ್ಮೆ ಬಂದವರು ಇನ್ನೊಮ್ಮೆ ಬರುವುದೇ ಕಷ್ಟ. ಹಾಗಾಗಿ ಮುಂದಿನ ನಡಿಗೆಯ ಹಿಂದಿನ ಸಂಜೆ ಅವರು ಹೊಸಬರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದರು. "ನಾಳೆ ಬರ್ತೀರಾ ಅಲ್ವಾ? ಬೈನಾಕ್ಯುಲರ್ ಇಲ್ಲದಿದ್ದರೆ ನನ್ನ ಹತ್ತಿರ ಒಂದು ಜಾಸ್ತಿ ಇದೆ." ಗುಂಪಿಗೆ ಒಂದು ಮೆಸೇಜ್ ಹಾಕಿ ಸುಮ್ಮನಿರುವುದು ಸುಲಭ. ನಾನು ಫೋನನ್ನೇ ಮಾಡುತ್ತೇನೆ. ಆ ಹೆಚ್ಚಿನ ಬೈನಾಕ್ಯುಲರ್ ಈಗ ನನ್ನ ಚೀಲದಲ್ಲಿದೆ, ಕೇಳಿದವರಿಗೆ ಕೊಡುತ್ತೇನೆ.