ದುಡ್ಡು, ಒಡವೆ, ಕಾರ್ಡು: ಪ್ರಯಾಣದಲ್ಲಿ ಮೈಮೇಲೆ ಎಲ್ಲಿಟ್ಟುಕೊಂಡರೆ ಹಿತ?

ಕೆಲವು ವರ್ಷಗಳ ಹಿಂದೆ ಅಮ್ಮ ಮತ್ತು ಚಿಕ್ಕಮ್ಮನ ಜೊತೆ ಕಾಶಿಗೆ ಹೋಗಿದ್ದೆ. ಹೊರಡುವ ಹಿಂದಿನ ಸಂಜೆ ಅಂಗಡಿಯಿಂದ ಕೊರಳಿಗೆ ನೇತುಹಾಕಿಕೊಳ್ಳುವ ಒಂದು ಚೀಲ ತಂದು ಅಮ್ಮನಿಗೆ ಕೊಟ್ಟೆ. ನೈಲಾನ್ ದಾರದ್ದು. ಎರಡು ರಾತ್ರಿ ರೈಲಿನಲ್ಲಿ ಕಳೆಯುವಷ್ಟರಲ್ಲಿ ಅಮ್ಮನ ಕತ್ತಿನ ಹಿಂದೆ ಕೆಂಪಗೆ ಬರೆ ಎದ್ದಿತ್ತು. "ಕಡಿಯುತ್ತೆ ಕಣೇ, ಬೆವರಿಗೆ ಅಂಟ್ಕೊಳ್ಳುತ್ತೆ" ಅಂತ ಹೇಳುತ್ತಲೇ ಇದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವಾಪಸು ಹೊರಡುವ ದಿನ ಲಾಡ್ಜಿನಲ್ಲಿ ಸ್ನಾನಕ್ಕೆ ಹೋದಾಗ ಅದನ್ನು ಬಿಚ್ಚಿ ಬಚ್ಚಲುಮನೆ ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದಾರೆ. ನೆನಪಾದದ್ದು ಸ್ಟೇಷನ್ ತಲುಪಿದ ಮೇಲೆ. ಆಟೋ ಹಿಡಿದು ಓಡಿದೆವು. ಮೊಳೆ ಇತ್ತು, ಚೀಲ ಇರಲಿಲ್ಲ. ದುಡ್ಡು, ಕಾರ್ಡು ಹೋಗಿದ್ದಕ್ಕೆ ಅಮ್ಮ ಅಳಲಿಲ್ಲ. ಅದರೊಳಗೆ ಅಜ್ಜಿಯ ಸಣ್ಣ ಉಂಗುರವೂ ಇತ್ತು.

ಯಾರೂ ನಮ್ಮ ಜೇಬು ಕತ್ತರಿಸಿರಲಿಲ್ಲ. ಚುಚ್ಚಿತು ಅಂತ ನಾವೇ ಬಿಚ್ಚಿಟ್ಟೆವು, ಅಲ್ಲೇ ಬಿಟ್ಟು ಬಂದೆವು. ಅದಕ್ಕೇ ಈಗ ಯಾರು ಕೇಳಿದರೂ ನಾನು ಮೊದಲು ಹೇಳುವುದು ಮೈಗೆ ಹಿತವಾಗಿರಬೇಕು ಅಂತ. ಎಷ್ಟೇ ಭದ್ರವಾದ ಚೀಲವಾದರೂ ಮೈಗೆ ಒಗ್ಗದಿದ್ದರೆ ಅದು ಮೈಮೇಲೆ ನಿಲ್ಲುವುದಿಲ್ಲ. ಮಂಚದ ಮೇಲೆ, ದಿಂಬಿನ ಕೆಳಗೆ, ಮೊಳೆಯ ಮೇಲೆ ಉಳಿದುಬಿಡುತ್ತದೆ.

1. ಮೊದಲು ಎಲ್ಲವನ್ನೂ ಮಂಚದ ಮೇಲೆ ಹರಡಿ

ಚೀಲ ಕೊಳ್ಳುವ ಮುಂಚೆ ಏನೇನು ಒಯ್ಯುತ್ತೀರಿ ನೋಡಿ. ಮೂರು ಗುಡ್ಡೆ ಮಾಡಿ. ಒಂದು, ಇವತ್ತಿನ ಖರ್ಚಿನ ದುಡ್ಡು. ಎರಡು, ಕಳೆದರೆ ಪ್ರಯಾಣವೇ ನಿಂತುಹೋಗುವಂಥವು: ಹೆಚ್ಚಿನ ನೋಟು, ಕಾರ್ಡು, ಹೊರದೇಶವಾದರೆ ಪಾಸ್‌ಪೋರ್ಟ್. ಮೂರು, ಮನೆಯಲ್ಲೇ ಬಿಡಬೇಕಾದವು. ಈ ಮೂರನೇ ಗುಡ್ಡೆ ದೊಡ್ಡದಾದಷ್ಟೂ ಒಳ್ಳೆಯದು. ಅಜ್ಜಿಯ ಉಂಗುರ ಅಲ್ಲಿರಬೇಕಿತ್ತು. ಮನೆ ಬೀಗದ ಕೈ ಗೊಂಚಲು, ಬಳಸದ ಮೂರು ಕಾರ್ಡು, ಪ್ಯಾನ್ ಕಾರ್ಡು ಇವೆಲ್ಲ ತಿರುಪತಿಗೆ ಯಾಕೆ ಬೇಕು, ಅಲ್ವಾ?

ಮೊದಲ ಗುಡ್ಡೆ ಸುಲಭವಾಗಿ ಕೈಗೆ ಸಿಗುವ ಪರ್ಸಿಗೆ ಹೋಗಲಿ. ಎರಡನೆಯದು ಬಟ್ಟೆಯ ಒಳಗೆ. ಇವೆರಡನ್ನೂ ಒಟ್ಟಿಗೆ ಇಡಬೇಡಿ. ಹತ್ತು ರೂಪಾಯಿಯ ಕಾಫಿಗೆ ಒಳಗಿನ ಚೀಲ ತೆಗೆದರೆ, ಅದು ಎಲ್ಲಿದೆ ಅಂತ ಪಕ್ಕದಲ್ಲಿ ನಿಂತವರಿಗೆಲ್ಲ ತೋರಿಸಿದ ಹಾಗೆ. ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಆ ದಿನಕ್ಕೆ ಬೇಕಾದಷ್ಟನ್ನು ಹೊರಗಿನ ಪರ್ಸಿಗೆ ಹಾಕಿಕೊಂಡುಬಿಡಿ.

ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ ಪಡೆಯುವ ಹೆಂಗಸರಿಗೆ ಇನ್ನೊಂದು ಮಾತು. ಹತ್ತಿದಾಗಲೆಲ್ಲ ಕಂಡಕ್ಟರಿಗೆ ಗುರುತಿನ ಚೀಟಿ ತೋರಿಸಬೇಕು. ಅದನ್ನು ದುಡ್ಡಿನ ಪರ್ಸಿನೊಳಗೆ ಇಟ್ಟರೆ ಗದ್ದಲದಲ್ಲಿ ನಿಂತುಕೊಂಡು ಪರ್ಸನ್ನೇ ತೆರೆಯಬೇಕಾಗುತ್ತದೆ. ಚೀಟಿಗೆ ಬೇರೆ ಜಾಗ ಮಾಡಿ, ಬ್ಯಾಗಿನ ಹೊರಜೇಬು ಸಾಕು. ಅಲ್ಲಿ ಇನ್ನೇನೂ ಇರುವುದು ಬೇಡ.

2. ನೀವು ಉಡುವ ಬಟ್ಟೆ ನೋಡಿ ಜಾಗ ಆರಿಸಿ

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪಂಚೆಯ ಒಳಗೆ ಪಟಾಪಟಿ ಚಡ್ಡಿ, ಅದಕ್ಕೆ ಆಳವಾದ ಜೇಬು. ಬೀಗದ ಕೈ ಉಡುದಾರಕ್ಕೆ. ಅಜ್ಜಿಯಂದಿರ ಸೊಂಟದಲ್ಲಿ ಎಲೆಅಡಿಕೆ ಸಂಚಿ, ಅದರ ಒಳಪದರದಲ್ಲಿ ಮಡಿಸಿಟ್ಟ ನೋಟು. ಇವೆಲ್ಲ ದಿನವಿಡೀ ಮೈಗೆ ಒಗ್ಗಿಕೊಂಡಿದ್ದ ವಸ್ತುಗಳು. ಪ್ರಯಾಣಕ್ಕೆಂದು ಹೊಸದಾಗಿ ಕಟ್ಟಿಕೊಂಡವಲ್ಲ.

ಕೊರಳ ಚೀಲ ಶರ್ಟಿನ ಒಳಗೆ ಚೆನ್ನಾಗಿ ಅಡಗುತ್ತದೆ. ಚಳಿಗಾಲದಲ್ಲಿ ಉತ್ತರಕ್ಕೆ ಹೋಗುವವರಿಗೆ, ಸ್ವೆಟರ್ ಹಾಕುವವರಿಗೆ ಇದೇ ಸರಿ. ಆದರೆ ಗಂಡಸರು ಧರ್ಮಸ್ಥಳ, ಕುಕ್ಕೆ, ಉಡುಪಿ ಕಡೆ ಹೊರಟಿದ್ದರೆ ಯೋಚಿಸಿ. ದರ್ಶನಕ್ಕೆ ಅಂಗಿ ತೆಗೆಯಬೇಕು. ಬರಿಮೈ ಮೇಲೆ ದುಡ್ಡಿನ ಚೀಲ ನೇತಾಡುತ್ತಾ ಸಾಲಿನಲ್ಲಿ ನಿಲ್ಲುವುದು ಸಂಕಟ. ಅಲ್ಲಿಗೆ ಪಂಚೆಯ ಒಳಗೆ ಕಟ್ಟಿಕೊಳ್ಳುವ, ದುಡ್ಡಿಡುವ ಜೇಬಿರುವ ಸೊಂಟದ ಪಟ್ಟಿ ಅಥವಾ ಜೇಬಿರುವ ಚಡ್ಡಿಯೇ ವಾಸಿ. ಕೆಲವು ದೇವಸ್ಥಾನಗಳಲ್ಲಿ ಚರ್ಮದ ವಸ್ತು ಒಳಗೆ ಬಿಡುವುದಿಲ್ಲ. ಹಾಗಾಗಿ ಪಟ್ಟಿ ಬಟ್ಟೆಯದ್ದೇ ಇರಲಿ.

ಸೊಂಟದ ಪಟ್ಟಿ ಪ್ಯಾಂಟ್ ಹಾಕುವವರಿಗೆ ಅನುಕೂಲ. ಅದನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡರೆ ಕೂತಾಗ ಒತ್ತುತ್ತದೆ. ಸ್ವಲ್ಪ ಪಕ್ಕಕ್ಕೆ, ಸೊಂಟದ ಮೂಳೆಯ ಮುಂಭಾಗಕ್ಕೆ ಜರುಗಿಸಿ ನೋಡಿ, ಒತ್ತುವುದು ಕಡಿಮೆಯಾಗುತ್ತದೆ. ಹೊಟ್ಟೆ ಇರುವವರಿಗೆ, ಶಸ್ತ್ರಚಿಕಿತ್ಸೆ ಆದವರಿಗೆ ಇದು ಬೇಡವೇ ಬೇಡ. ಕರಾವಳಿಯ ಸೆಖೆಯಲ್ಲಿ ಇದರ ಕೆಳಗೆ ಬೆವರುಸಾಲೆ ಏಳುತ್ತದೆ.

ಅಡ್ಡಡ್ಡ ಹಾಕಿಕೊಳ್ಳುವ ಸಣ್ಣ ಬ್ಯಾಗು ಮೊದಲ ಗುಡ್ಡೆಗೆ ಸರಿ, ಎರಡನೆಯದಕ್ಕೆ ಅಲ್ಲ. ಹಾಕಿಕೊಂಡಾಗ ಬ್ಯಾಗು ಮುಂದೆ ಇರಲಿ, ಜಿಪ್ಪಿನ ಬಾಯಿ ಕೈಗೆ ಸಿಗುವ ಹಾಗಿರಲಿ. ರಸ್ತೆ ಬದಿ ನಡೆಯುವಾಗ ಬ್ಯಾಗು ಅಂಗಡಿಗಳ ಕಡೆಗಿರಲಿ. ಬೈಕಿನಲ್ಲಿ ಬಂದು ಕಿತ್ತುಕೊಳ್ಳುವವರು ರಸ್ತೆಯ ಕಡೆಯಿಂದಲೇ ಬರುತ್ತಾರೆ.

3. ಸೀರೆ ಉಡುವವರಿಗೆ ಲಂಗದ ಜೇಬು

ಅಂಗಡಿಯ ಚೀಲಗಳಲ್ಲಿ ಹೆಚ್ಚಿನವು ಪ್ಯಾಂಟಿಗೆ ಹೊಂದುವಂಥವು. ಸೀರೆಗೆ ನಾನು ಕಂಡ ಅತ್ಯಂತ ಹಿತವಾದ ದಾರಿ ಲಂಗಕ್ಕೆ ಒಂದು ಜೇಬು ಹೊಲಿಸುವುದು. ಕಾಶಿಯಿಂದ ಬಂದ ಮೇಲೆ ಅಮ್ಮನ ಎರಡು ಹತ್ತಿಯ ಲಂಗಗಳಿಗೆ ಹಾಗೇ ಮಾಡಿಸಿದೆ.

ಅಳತೆ ಹೀಗೆ. ಐನೂರರ ನೋಟು 150 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಒಮ್ಮೆ ಮಡಿಸಿದರೆ ಉದ್ದ ಅರ್ಧವಾಗುತ್ತದೆ. ಪಾಸ್‌ಪೋರ್ಟ್ 125 ಮಿ.ಮೀ.ಗೆ 88. ಹಾಗಾಗಿ ಹೊಲಿದು ಮುಗಿದ ಮೇಲೆ ಜೇಬು 15 ಸೆಂ.ಮೀ. ಎತ್ತರ, 11 ಸೆಂ.ಮೀ. ಅಗಲ ಇದ್ದರೆ ಎಲ್ಲವೂ ಹಿಡಿಸುತ್ತದೆ. ಪಾಸ್‌ಪೋರ್ಟ್ ಬೇಡ ಅನ್ನುವವರಿಗೆ ಇದಕ್ಕಿಂತ ಚಿಕ್ಕದೇ ಸಾಕು. ಬಟ್ಟೆ ಮೆತ್ತಗಿನ ಹತ್ತಿಯದ್ದು. ಲಂಗದ ಲಾಡಿಯಿಂದ ನಾಲ್ಕು ಬೆರಳು ಕೆಳಗೆ, ಬಲಗಡೆ ಪಕ್ಕೆಗೆ ಬರಲಿ. ಮುಂದೆ ಇಟ್ಟರೆ ನಿರಿಗೆಯ ಜೊತೆ ಸೇರಿ ಉಬ್ಬುತ್ತದೆ, ಹಿಂದೆ ಇಟ್ಟರೆ ಕೂತಾಗ ಕಾರ್ಡು ಮುರಿಯುತ್ತದೆ. ಜೇಬು ಲಂಗದ ಹೊರಮೈಗೆ ಇರಲಿ, ಸೀರೆ ಅದರ ಮೇಲೆ ಬರುತ್ತದೆ. ಒಳಮೈಗೆ ಹೊಲಿದರೆ ಚರ್ಮಕ್ಕೆ ತಾಗಿ ಬೆವರು ಹಿಡಿಯುತ್ತದೆ. ಬಾಯಿಗೆ ಪ್ಲಾಸ್ಟಿಕ್ ಹಲ್ಲಿನ ಸಣ್ಣ ಜಿಪ್. ಲೋಹದ ಜಿಪ್ ಸೀರೆಗೆ ಸಿಕ್ಕಿ ಎಳೆ ಎಳೆಯುತ್ತದೆ.

ಟೈಲರ್ ಕೇಳಿದ್ದು "ಅಕ್ಕಾ, ಮೂರು ಕಡೆ ಒಂದೊಂದು ಹೊಲಿಗೆ ಸಾಕಲ್ವಾ?" ಅಂತ. ಸಾಲದು. ಎರಡು ಸಾಲು ಹೊಲಿಗೆ ಹಾಕಿಸಿ, ಮೇಲಿನ ಎರಡು ಮೂಲೆಗಳನ್ನು ಮತ್ತೆ ಗಟ್ಟಿ ಮಾಡಿಸಿ. ಭಾರವೆಲ್ಲ ಬೀಳುವುದು ಆ ಮೂಲೆಗಳ ಮೇಲೆ. ನೋಟುಗಳನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಳಗಿಟ್ಟರೆ ಬೆವರಿಗೆ ಮೆತ್ತಗಾಗುವುದಿಲ್ಲ.

ಚೂಡಿದಾರಕ್ಕೂ ಇದೇ ಅಳತೆ ನಡೆಯುತ್ತದೆ. ಟಾಪಿನ ಪಕ್ಕದ ಹೊಲಿಗೆಗೆ ಒಳಜೇಬು ಹಾಕಿಸಿದರೆ ಆಯಿತು.

ಕೊರಳ ಚೀಲವೇ ಬೇಕು ಅನ್ನುವವರು ನೈಲಾನ್ ದಾರ ಕಿತ್ತು, ಎರಡು ಬೆರಳಗಲದ ಹತ್ತಿಯ ಪಟ್ಟಿ ಹಾಕಿಸಿ. ಅಮ್ಮನ ಕತ್ತಿಗೆ ಆ ಪಟ್ಟಿ ಇದ್ದಿದ್ದರೆ ಅವರು ಬಿಚ್ಚುತ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

4. ಹೊರಡುವ ಮುಂಚೆ ಒಂದು ದಿನ ಮನೆಯಲ್ಲೇ ಕಟ್ಟಿಕೊಂಡಿರಿ

ಈ ಹೆಜ್ಜೆ ಬಿಡಬೇಡಿ. ನೋಟಿನ ಬದಲು ಅದೇ ದಪ್ಪದ ಕಾಗದ, ಹಳೇ ಕಾರ್ಡು ತುಂಬಿಸಿ ಬೆಳಿಗ್ಗೆ ಕಟ್ಟಿಕೊಳ್ಳಿ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಊಟ ಮಾಡಿ. ಬಗ್ಗಿ ಕಸ ಗುಡಿಸಿ. ಟಾಯ್ಲೆಟ್ಟಿಗೆ ಹೋಗಿ ಬನ್ನಿ, ಸಡಿಲವಾಗಿರುವುದು ಜಾರಿ ಬೀಳುವುದು ಅಲ್ಲೇ. ಮಧ್ಯಾಹ್ನ ಮಗ್ಗುಲಾಗಿ ಮಲಗಿ ನೋಡಿ. ಸಂಜೆಯ ಹೊತ್ತಿಗೆ ಕೈ ಪದೇ ಪದೇ ಅಲ್ಲಿಗೇ ಹೋಗುತ್ತಿದ್ದರೆ ಎಲ್ಲೋ ಒತ್ತುತ್ತಿದೆ ಅಂತ ಅರ್ಥ. ಪದೇ ಪದೇ ಮುಟ್ಟಿಕೊಳ್ಳುವವರನ್ನೇ ಜೇಬುಗಳ್ಳರು ಗಮನಿಸುವುದು. ಜಾಗ ಬದಲಿಸಿ, ಮತ್ತೊಮ್ಮೆ ನೋಡಿ.

5. ಬಸ್ಸು, ರೈಲು, ವಿಮಾನ

ಜೇಬು ಹೋಗುವುದು ಜಾಸ್ತಿ ಬಸ್ಸು ಹತ್ತುವ ಆ ಅರ್ಧ ನಿಮಿಷದಲ್ಲಿ. ಎರಡೂ ಕೈ ಕಂಬಿಯ ಮೇಲೆ, ಹಿಂದಿನಿಂದ ನೂಕು. ಹಿಂಬದಿಯ ಜೇಬು ಆ ಹೊತ್ತಿಗೆ ಖಾಲಿ ಇರಲಿ. ಬೆನ್ನಿನ ಬ್ಯಾಗು ಎದೆಗೆ ಬರಲಿ. ಮದುವೆಗೆ ಒಡವೆ ಒಯ್ಯುವವರು ಆ ಬ್ಯಾಗನ್ನು ಡಿಕ್ಕಿಗೂ, ತಲೆ ಮೇಲಿನ ಕ್ಯಾರಿಯರ್‌ಗೂ ಹಾಕಬೇಡಿ. ತೊಡೆಯ ಮೇಲೆ ಇಟ್ಟುಕೊಂಡು, ಪಟ್ಟಿಯನ್ನು ಒಂದು ಕೈಗೆ ಸುತ್ತಿಕೊಳ್ಳಿ. ಊಟಕ್ಕೆ ನಿಲ್ಲಿಸಿದಾಗ ಕರ್ಚೀಫು ಇಟ್ಟು ಸೀಟು ಹಿಡಿಯಿರಿ, ಒಡವೆಯ ಬ್ಯಾಗನ್ನಲ್ಲ. ಮನೆಯಿಂದ ಹೊರಡುವ ಮುಂಚೆ ಒಂದೊಂದು ಒಡವೆಯ ಫೋಟೋ ತೆಗೆದಿಟ್ಟುಕೊಳ್ಳಿ, ಕಳೆದರೆ ದೂರು ಕೊಡಲು ಬೇಕಾಗುತ್ತದೆ.

ಸ್ಲೀಪರ್ ಬೋಗಿಯಲ್ಲಿ ಕೆಳಗಿನ ಬರ್ತಿನ ಅಡಿಗೆ ಕಬ್ಬಿಣದ ಕೊಂಡಿಗಳಿರುತ್ತವೆ. ದೊಡ್ಡ ಸೂಟ್‌ಕೇಸಿಗೆ ಸರಪಳಿ ಹಾಕಿ ಅಲ್ಲಿಗೆ ಬೀಗ ಹಾಕಿ. ಕಿಟಕಿ ಪಕ್ಕ ಮಲಗುವವರು ರಾತ್ರಿ ಶಟರ್ ಇಳಿಸಿ. ಸಿಗ್ನಲ್ಲಿಗೆ ರೈಲು ನಿಂತಾಗ ಹೊರಗಿನಿಂದ ಕೈ ಹಾಕಿ ಸರ ಎಳೆಯುವುದುಂಟು. ಸರ ಹಾಕಿಕೊಂಡವರು ತಲೆಯನ್ನು ಕಿಟಕಿಯಿಂದ ದೂರದ ಕಡೆಗೆ ಹಾಕಿದರೆ ಒಳ್ಳೆಯದು. ಟಿಕೆಟ್ ಪರೀಕ್ಷಕರಿಗೆ ಡಿಜಿಲಾಕರ್‌ನಲ್ಲಿರುವ ಆಧಾರ್ ತೋರಿಸಿದರೂ ನಡೆಯುತ್ತದೆ, ಹಾಗಾಗಿ ರಾತ್ರಿ ಒಳಜೇಬು ತೆಗೆಯುವ ಅಗತ್ಯ ಬರುವುದಿಲ್ಲ.

ವಿಮಾನದಲ್ಲಿ ಒಡವೆ, ದುಡ್ಡು ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕ್ ಅಂತೂ ಚೆಕ್-ಇನ್ ಸಾಮಾನಿಗೆ ಹಾಕುವ ಹಾಗೇ ಇಲ್ಲ. ತಪಾಸಣೆಯಲ್ಲಿ ಸೊಂಟದ ಪಟ್ಟಿ ಬಿಚ್ಚಿಸುತ್ತಾರೆ. ಎಲ್ಲರ ಮುಂದೆ ಪರದಾಡುವ ಬದಲು ಸಾಲಿಗೆ ನಿಲ್ಲುವ ಮುಂಚೆಯೇ ಬಿಚ್ಚಿ ಕೈಚೀಲದ ತಳಕ್ಕೆ ಹಾಕಿಕೊಳ್ಳಿ.

ಕಾರ್ಡಿನ ಮಾಹಿತಿ ದೂರದಿಂದ ಕದಿಯದಂತೆ ತಡೆಯುತ್ತದೆ ಅಂತ ಜಾಸ್ತಿ ಬೆಲೆಗೆ ಪರ್ಸು ಮಾರುತ್ತಾರೆ. ನನ್ನ ಪ್ರಕಾರ ಅದಕ್ಕೆ ದುಡ್ಡು ಹಾಕಬೇಕಿಲ್ಲ. 2021ರ ಜನವರಿಯಿಂದ ಪಿನ್ ಇಲ್ಲದೆ ಕಾರ್ಡು ತಾಗಿಸಿ 5,000 ರೂಪಾಯಿವರೆಗೆ ಪಾವತಿ ಮಾಡಬಹುದು. ಆ ಸೌಲಭ್ಯವನ್ನು ಬ್ಯಾಂಕಿನ ಆ್ಯಪಿನಲ್ಲಿ ಆಫ್ ಮಾಡಿದರೆ ಆಯಿತು, ಕಾರ್ಡು ಕಳೆದರೂ ತಾಗಿಸಿ ದುಡ್ಡು ಎಳೆಯಲಾಗದು.

6. ಸ್ನಾನ, ದರ್ಶನದ ಹೊತ್ತು

ನಾವು ಸೋತದ್ದು ಇಲ್ಲೇ. ನೇತ್ರಾವತಿಯಲ್ಲೋ ಕುಮಾರಧಾರೆಯಲ್ಲೋ ಮುಳುಗು ಹಾಕುವವರು ಸರದಿ ಮಾಡಿಕೊಳ್ಳಿ. ಒಬ್ಬರು ಮೆಟ್ಟಿಲ ಮೇಲೆ ಎಲ್ಲರ ಚೀಲ ಹಿಡಿದು ಕೂರಲಿ. ಬಟ್ಟೆಯ ರಾಶಿಯೊಳಗೆ ಅಡಗಿಸಿ ಇಳಿಯಬೇಡಿ. ಒಬ್ಬರೇ ಹೋಗಿದ್ದರೆ ನೀರು ಹೋಗದ ಪೌಚ್ ಬೇಕು. ಅದರೊಳಗೆ ಒಣ ಕಾಗದ ಇಟ್ಟು ಮನೆಯ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿದ ಮೇಲೇ ನಂಬಿ.

ತಿರುಮಲ, ಕಾಶಿ ವಿಶ್ವನಾಥ ದೇಗುಲಗಳಲ್ಲಿ ದರ್ಶನಕ್ಕೆ ಫೋನ್ ಒಯ್ಯುವ ಹಾಗಿಲ್ಲ. ಕೌಂಟರಿನಲ್ಲಿ ಕೊಡುವಾಗ ಫೋನಿನ ಕವರಿನ ಹಿಂದೆ ಸಿಕ್ಕಿಸಿದ ಕಾರ್ಡು, ನೋಟು ತೆಗೆದುಕೊಳ್ಳಿ. ಟೋಕನ್ ಒಳಜೇಬಿಗೆ ಹೋಗಲಿ.

ಲಾಡ್ಜಿನ ಬಚ್ಚಲಿಗೆ ಚೀಲ ಒಯ್ಯಲೇಬೇಕಾದರೆ ಮೊಳೆಗೆ ಹಾಕಬೇಡಿ. ಸ್ನಾನದ ನಂತರ ಉಡಬೇಕಾದ ಬಟ್ಟೆಯೊಳಗೆ ಸುತ್ತಿಡಿ. ಬಟ್ಟೆ ಉಡದೆ ಯಾರೂ ಹೊರಗೆ ಬರುವುದಿಲ್ಲವಲ್ಲ.

7. ಕಳೆದರೆ

ಇದನ್ನು ಮನೆಯಲ್ಲೇ ಸಿದ್ಧ ಮಾಡಿಕೊಳ್ಳಿ. ಒಂದು ಚೀಟಿಯಲ್ಲಿ ಮನೆಯ ಇಬ್ಬರ ನಂಬರು, ಬ್ಯಾಂಕಿನ ಸಹಾಯವಾಣಿ, ಫೋನಿನ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರೆದಿಡಿ. ಫೋನಿನಲ್ಲಿ *#06# ಒತ್ತಿದರೆ ಆ ಸಂಖ್ಯೆ ಕಾಣುತ್ತದೆ. ಎಲ್ಲ ನಂಬರೂ ಫೋನಿನಲ್ಲೇ ಇರುವುದರಿಂದ, ಫೋನ್ ಹೋದರೆ ಮನೆಗೂ ಕರೆ ಮಾಡಲಾಗದ ಸ್ಥಿತಿ ಈಗ. ಚೀಟಿ ಪರ್ಸಿನಲ್ಲಿ ಬೇಡ, ಬಟ್ಟೆಯ ಬ್ಯಾಗಿನ ಒಳಪದರದಲ್ಲಿರಲಿ. ಜೊತೆಗೆ ಒಂದು ಐನೂರರ ನೋಟು. ಇನ್ನೊಂದು ಪ್ರತಿ ಜೊತೆಗಾರರ ಬಳಿ.

ಕಾರ್ಡು ಮೊದಲು ಬ್ಲಾಕ್ ಮಾಡಿಸಿ. ಫೋನ್ ಹೋದರೆ ಸಿಮ್ ನಿಲ್ಲಿಸಿ, ದೂರು ಕೊಟ್ಟು, ಕಳೆದ ಫೋನುಗಳಿಗೆಂದೇ ಕೇಂದ್ರ ಸರ್ಕಾರ ಮಾಡಿರುವ ಸಿಇಐಆರ್ ಪೋರ್ಟಲಿನಲ್ಲಿ ಐಎಂಇಐ ಹಾಕಿ ಫೋನನ್ನೇ ನಿಷ್ಕ್ರಿಯ ಮಾಡಬಹುದು. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ. ರೈಲಿನಲ್ಲಾದರೆ 139, ಬೇರೆಲ್ಲ ಕಡೆ 112. ಕಳವು ನಡೆದ ಊರು ಗೊತ್ತಿಲ್ಲ, ರೈಲು ಮುಂದೆ ಬಂದುಬಿಟ್ಟಿದೆ ಅಂತ ಸುಮ್ನೆ ಕೂರಬೇಡಿ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಕೊಡಬಹುದು, ಅವರೇ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಅವತ್ತು ನಮಗೆ ಇದು ಗೊತ್ತಿರಲಿಲ್ಲ. ರೈಲು ತಪ್ಪುತ್ತದೆ ಅಂತ ದೂರನ್ನೇ ಕೊಡದೆ ಹತ್ತಿ ಬಂದುಬಿಟ್ಟೆವು.