ಲಿನ್-4, ಲಿನ್-14 ಮತ್ತು ಹುಳುವಿನ ಆಯಸ್ಸು: ನನ್ನ ಅನುಭವ

ಸಿ. ಎಲೆಗಾನ್ಸ್ ಎಂಬ ದುಂಡುಹುಳು ಬರೀ 1 ಮಿಲಿಮೀಟರ್ ಉದ್ದ. 20 ಡಿಗ್ರಿಯಲ್ಲಿ ಎರಡು-ಮೂರು ವಾರ ಬದುಕುತ್ತದೆ. ಇದರ ಆಯಸ್ಸಿನಲ್ಲಿ ಲಿನ್-4 ಎಂಬ ಮೈಕ್ರೋಆರ್‌ಎನ್‌ಎ (ಬೇರೆ ಜೀನ್‌ಗಳ ಕೆಲಸ ತಗ್ಗಿಸುವ ಪುಟ್ಟ ಆರ್‌ಎನ್‌ಎ) ಪಾತ್ರ ಏನು ಅಂತ ನಾನು ನೋಡಿದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ತಂಡ ಗುರುತಿಸಿದ ಮೊಟ್ಟಮೊದಲ ಮೈಕ್ರೋಆರ್‌ಎನ್‌ಎ ಇದೇ. ಇದು ಲಿನ್-14 ಜೀನ್‌ನ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಗೆ ಬೇಕಾದ ಸಂದೇಶ ಹೊತ್ತ ಪ್ರತಿ) ಬಾಲಕ್ಕೆ ಅಂಟಿಕೊಂಡು, ಅದರ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ.

ಲಿನ್-4 ಇಲ್ಲದ ಹುಳು ಬೇಗ ಸಾಯುತ್ತದೆ. ಆದರೆ ಅದು ಮುಪ್ಪಿನಿಂದ ಸತ್ತಿತೋ, ಸರಿಯಾಗಿ ಬೆಳೆಯದೆ ಸತ್ತಿತೋ? ಈ ಹುಳು ಮರಿಯ ಮೊದಲ ಹಂತವನ್ನೇ ಮತ್ತೆ ಮತ್ತೆ ಮಾಡುತ್ತದೆ. ಮೊಟ್ಟೆಯಿಡುವ ದಾರಿಯೂ ಸರಿಯಾಗಿ ಬೆಳೆಯುವುದಿಲ್ಲ. ಮೊಟ್ಟೆಗಳು ಹೊಟ್ಟೆಯೊಳಗೇ ಒಡೆದು, ಮರಿಗಳು ತಾಯಿಯನ್ನು ಕೊಲ್ಲುತ್ತವೆ.

ಅದಕ್ಕೇ ನಾನು ನೇರವಾಗಿ ಲಿನ್-4 ತಂಟೆಗೆ ಹೋಗಲಿಲ್ಲ. ಹುಳು ಮಾಮೂಲಿಯಾಗಿ ಬೆಳೆಯಲಿ, ದೊಡ್ಡದಾದ ಮೇಲೆ ಮಾತ್ರ, ಲಿನ್-4 ಮಾಡುವ ಹಾಗೇ, ಲಿನ್-14 ತಗ್ಗಿಸೋಣ ಅಂದುಕೊಂಡೆ. 2005ರಲ್ಲಿ ಮಿಷೆಲ್ ಬೋಮ್ ಮತ್ತು ಫ್ರ್ಯಾಂಕ್ ಸ್ಲ್ಯಾಕ್ ತೋರಿಸಿಕೊಟ್ಟ ದಾರಿ ಇದು. ಮರಿಗಳಿಗೆ ಮಾಮೂಲಿ ಆಹಾರವಾದ ಒಪಿ50 ಬ್ಯಾಕ್ಟೀರಿಯಾ ಹಾಕಿದೆ. ಪ್ರಾಯಕ್ಕೆ ಬಂದಾಗ ಅರ್ಧ ಹುಳುಗಳನ್ನು ಲಿನ್-14 ವಿರುದ್ಧದ ಆರ್‌ಎನ್‌ಎ ತಯಾರಿಸುವ ಎಚ್‌ಟಿ115 ಬ್ಯಾಕ್ಟೀರಿಯಾಕ್ಕೆ (ಇದನ್ನು ತಿಂದರೆ ಹುಳುವಿನಲ್ಲಿ ಲಿನ್-14 ತಗ್ಗುತ್ತದೆ), ಉಳಿದರ್ಧವನ್ನು ಖಾಲಿ ಪ್ಲಾಸ್ಮಿಡ್ (ಆ ಆರ್‌ಎನ್‌ಎಯ ಸೂಚನೆ ಇಲ್ಲದ ಡಿಎನ್‌ಎ ಉಂಗುರ) ಇರುವ ಅದೇ ಬ್ಯಾಕ್ಟೀರಿಯಾಕ್ಕೆ ಸಾಗಿಸಿದೆ. ಮರಿ ಆಗದಿರಲಿ ಅಂತ ಎಫ್‌ಯುಡಿಆರ್ ಔಷಧ ಹಾಕುವವರು ಜಾಸ್ತಿ. ಆದರೆ ಕೆಲವು ತಳಿಗಳಲ್ಲಿ ಆ ಔಷಧವೇ ಆಯಸ್ಸನ್ನು ಬದಲಿಸುತ್ತದೆ. ಹಾಗಾಗಿ ಹುಳುಗಳು ಮೊಟ್ಟೆಯಿಡುವ ದಿನಗಳಲ್ಲಿ, ಮರಿಗಳ ಜೊತೆ ಬೆರೆಯದಿರಲಿ ಅಂತ, ನಾನು ಪ್ಲಾಟಿನಂ ತಂತಿಯಿಂದ ಅವನ್ನು ಹೊಸ ಪ್ಲೇಟ್‌ಗೆ ಎತ್ತಿ ಹಾಕುತ್ತಿದ್ದೆ. ಬೇಸರದ ಕೆಲಸ, ಆದರೆ ಫಲಿತಾಂಶ ನಂಬಬಹುದು.

ಸಾವು ಗುರುತಿಸುವುದೇ ಇಲ್ಲಿ ನಿಜವಾದ ಕಸುಬು. ಮುದಿ ಹುಳು ಸುಮ್ನೆ ಬಿದ್ದಿರುತ್ತದೆ. ಮೂತಿಗೆ ಮೆಲ್ಲಗೆ ತಾಗಿಸಿ ಕಾಯಬೇಕು. ತಲೆ ಒಂದಿಷ್ಟು ಅಲುಗಿದರೂ ಅದು ಬದುಕಿದೆ. ಪ್ಲೇಟ್ ಅಂಚು ಹತ್ತಿ ಒಣಗಿದ್ದನ್ನು, ಹೊಟ್ಟೆ ಒಡೆದದ್ದನ್ನು ಸಾವಿನ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಅವು ಅಲ್ಲಿಯವರೆಗೆ ಬದುಕಿದ್ದವು ಅಂತಷ್ಟೇ ಬರೆಯಬೇಕು. ಯಾವ ಪ್ಲೇಟ್ ಯಾವುದು ಅಂತ ಎಣಿಸುವವರಿಗೆ ಗೊತ್ತಿರಲೇಬಾರದು. ನನ್ನ ಪ್ಲೇಟ್‌ಗಳಿಗೆ ಗುರುತು ಹಾಕಿದ್ದು ಗೆಳತಿ.

ಲಿನ್-14 ತಗ್ಗಿದ ಹುಳುಗಳು ಹೆಚ್ಚು ದಿನ ಬದುಕಿದವು. ಬೆಳವಣಿಗೆಯ ಗಡಿಯಾರ ನಡೆಸುವ ಜೀನ್ ಪ್ರಾಯದಲ್ಲೂ ಕೆಲಸ ಮಾಡುತ್ತದೆ ಅಂದಹಾಗಾಯಿತು ಅಲ್ವಾ? ನನಗೆ ಅದಕ್ಕಿಂತ ದೊಡ್ಡದು ಅನಿಸಿದ್ದು ಡ್ಯಾಫ್-16 ಎಂಬ ಜೀನ್ ಇಲ್ಲದ ಹುಳುಗಳ ಪ್ಲೇಟ್. ಅಲ್ಲಿ ಲಿನ್-14 ತಗ್ಗಿಸಿದರೂ ಆಯಸ್ಸು ಹೆಚ್ಚಲಿಲ್ಲ. ಅಂದರೆ ಈ ಲಾಭ ಸಿಗಬೇಕಾದರೆ ಇನ್ಸುಲಿನ್ ಸಂಕೇತದ ದಾರಿಯಲ್ಲಿರುವ ಡ್ಯಾಫ್-16 ಇರಲೇಬೇಕು. ನೀವು ಮಾಡುವುದಾದರೆ ಈ ತಳಿಯನ್ನೂ ಅದೇ ದಿನ, ಅದೇ ಬ್ಯಾಕ್ಟೀರಿಯಾದ ಮೇಲೆ ಇಡಿ. ಬೇರೆ ವಾರದ ಪ್ಲೇಟ್ ಜೊತೆ ಹೋಲಿಸಬೇಡಿ.