ಕ್ಯಾನುಲಾ ಹಾಕುವ ಕೈ ಪಳಗುವುದು ಹೇಗೆ?

ಆಸ್ಪತ್ರೆಗೆ ದಾಖಲಾದ ರೋಗಿಗೆ ಸಾಮಾನ್ಯವಾಗಿ ಮೊದಲು ಆಗುವ ಕೆಲಸವೆಂದರೆ ಕೈಯ ಅಭಿಧಮನಿಗೆ, ಅಂದರೆ ರಕ್ತವನ್ನು ಹೃದಯಕ್ಕೆ ಒಯ್ಯುವ ನಾಳಕ್ಕೆ, ಕ್ಯಾನುಲಾ ಎಂಬ ಸಣ್ಣ ಪ್ಲಾಸ್ಟಿಕ್ ನಳಿಗೆ ಹಾಕುವುದು. ಆಂಟಿಬಯಾಟಿಕ್, ಗ್ಲೂಕೋಸ್, ರಕ್ತ, ತುರ್ತಿನಲ್ಲಿ ಜೀವ ಉಳಿಸುವ ಔಷಧ, ಎಲ್ಲಕ್ಕೂ ಅದೇ ದಾರಿ. ಇಷ್ಟು ಮುಖ್ಯವಾದ ಕೆಲಸವನ್ನು ನಮ್ಮಲ್ಲಿ ಎಷ್ಟೋ ಕಡೆ ಹಿರಿಯರು ಮಾಡುವುದನ್ನು ಎರಡು ಸಲ ನೋಡಿ ಮೂರನೆಯ ಸಲ ರೋಗಿಯ ಕೈ ಹಿಡಿಯುವ ರೀತಿಯಲ್ಲಿ ಕಲಿಸಲಾಗುತ್ತಿದೆ. ಚೆನ್ನಾಗಿ ಹಾಕಿದವರಿಗೆ ಕೈಗುಣವಿದೆ ಎನ್ನುತ್ತಾರೆ. ಹಾಕಲಾಗದಿದ್ದರೆ, ರಕ್ತನಾಳವನ್ನೂ ನರ ಎನ್ನುವ ಆಡುಮಾತಿನಲ್ಲಿ, ‘ನರ ಸಿಗಲಿಲ್ಲ’ ಎಂದು ರೋಗಿಯ ಕೈಯನ್ನೇ ದೂರುತ್ತಾರೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನಾನು ಈ ಮಾತನ್ನು ಒಪ್ಪುವುದಿಲ್ಲ. ಇದು ಹಂತ ಹಂತವಾಗಿ ಕಲಿಯಬೇಕಾದ, ಇನ್ನೊಬ್ಬರು ಎದುರು ನಿಂತು ಪರೀಕ್ಷಿಸಬೇಕಾದ ಕೌಶಲ. ಆ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಅರ್ಹತೆ

ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ವಿದ್ಯಾರ್ಥಿಯಾಗಿದ್ದಾಗ ಸೂಜಿ ಹಿಡಿದರೂ ಅದು ಬೋಧಕರ ಕಣ್ಣೆದುರೇ ನಡೆಯಬೇಕು. ವಾರಾಂತ್ಯದಲ್ಲಿ ‘ಐವಿ ಕೋರ್ಸ್’ ನಡೆಸಿ ಯಾರಿಗೆ ಬೇಕಾದರೂ ಪ್ರಮಾಣಪತ್ರ ಕೊಡುವ ಜಾಹೀರಾತುಗಳು ಕಾಣುತ್ತವೆ. ನೋಂದಣಿ ಇಲ್ಲದವರಿಗೆ ಅಂಥ ಕಾಗದ ಯಾವ ಹಕ್ಕನ್ನೂ ಕೊಡುವುದಿಲ್ಲ.

ಓದಿನ ಹಂತ

ಮುಂಗೈಯ ಹೆಬ್ಬೆರಳ ಬದಿಯಲ್ಲಿ ಏರುವ ಸೆಫಾಲಿಕ್, ಕಿರುಬೆರಳ ಬದಿಯ ಬೆಸಿಲಿಕ್, ಮೊಣಕೈ ಮಡಿಕೆಯಲ್ಲಿ ಇವೆರಡನ್ನೂ ಜೋಡಿಸುವ ಮೀಡಿಯನ್ ಕ್ಯುಬಿಟಲ್, ಅಂಗೈ ಹಿಂಭಾಗದ ಸಣ್ಣ ಅಭಿಧಮನಿಗಳು: ಇವನ್ನು ಚಿತ್ರದಲ್ಲಿ ಮಾತ್ರವಲ್ಲ, ಸಹಪಾಠಿಗಳ ಕೈಯಲ್ಲಿ ಕಣ್ಣು ಮುಚ್ಚಿ ಬೆರಳಿನಿಂದ ಗುರುತಿಸಲು ಬರಬೇಕು. ಅವುಗಳ ನೆರೆಹೊರೆಯೂ ಗೊತ್ತಿರಬೇಕು. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಸೆಫಾಲಿಕ್ ಪಕ್ಕದಲ್ಲೇ ಸಂವೇದನೆಯ ನರವೊಂದು ಹಾದುಹೋಗುತ್ತದೆ. ಮೊಣಕೈ ಮಡಿಕೆಯ ಆಳದಲ್ಲಿ ಬ್ರೇಕಿಯಲ್ ಅಪಧಮನಿ ಮತ್ತು ಮೀಡಿಯನ್ ನರ ಇವೆ. ಚುಚ್ಚಿದಾಗ ರೋಗಿ ಕರೆಂಟು ಹೊಡೆದಂತಾಯಿತು ಎಂದರೆ ಅಲ್ಲಿಗೇ ನಿಲ್ಲಿಸಿ ಸೂಜಿ ತೆಗೆಯಬೇಕು.

ಯಾವ ಕೈ ಬೇಡ ಎಂಬುದು ಯಾವ ಕೈ ಬೇಕು ಎಂಬುದಕ್ಕಿಂತ ಮೊದಲ ಪಾಠ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಅಪಧಮನಿಗೆ ಅಭಿಧಮನಿಯನ್ನು ಜೋಡಿಸುವ ಶಸ್ತ್ರಚಿಕಿತ್ಸೆ) ಮಾಡಿದ ಕೈ, ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿ ತೆಗೆದ ಬದಿ, ಪಾರ್ಶ್ವವಾಯು ಬಡಿದ ಕೈ ಇವನ್ನು ಬಿಡಬೇಕು. ಮೂತ್ರಪಿಂಡ ಸೋಲುತ್ತಿರುವ ರೋಗಿಗೆ ಮುಂದೊಂದು ದಿನ ಫಿಸ್ಟುಲಾ ಬೇಕಾಗಬಹುದು. ಅವರ ಮುಂಗೈ ಮತ್ತು ತೋಳಿನ ಅಭಿಧಮನಿಗಳನ್ನು ಇಂದೇ ಕಾಪಾಡಿ, ಅಂಗೈ ಹಿಂಭಾಗವನ್ನು ಬಳಸಬೇಕು. ಈ ಒಂದು ವಿಷಯದಲ್ಲಿ ನಾನು ವಿದ್ಯಾರ್ಥಿಗಳಿಗೆ ಸ್ವಲ್ಪವೂ ರಿಯಾಯಿತಿ ಕೊಡುವುದಿಲ್ಲ. ಇಂದು ಅವಸರದಲ್ಲಿ ಕೆಡಿಸಿದ ನಾಳ ಐದು ವರ್ಷದ ಬಳಿಕ ಡಯಾಲಿಸಿಸ್ ಯಂತ್ರದ ಮುಂದೆ ಕುಳಿತ ಆ ಮನುಷ್ಯನಿಗೆ ದಕ್ಕುವುದಿಲ್ಲ.

ಮುಂದಿನದು ಗಾತ್ರ. ಬಣ್ಣಗಳನ್ನು ಬಾಯಿಪಾಠ ಮಾಡಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ: 16 ಬೂದು, 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ಗೇಜ್ ಎಂದು ಕರೆಯುವ ಈ ಸಂಖ್ಯೆ ಹೆಚ್ಚಿದಂತೆ ಕ್ಯಾನುಲಾ ಸಣ್ಣದಾಗುತ್ತದೆ. ಹಸಿರಿನಲ್ಲಿ ನಿಮಿಷಕ್ಕೆ ಸುಮಾರು 90 ಮಿಲಿಲೀಟರ್ ಹರಿದರೆ ಹಳದಿಯಲ್ಲಿ ಸುಮಾರು 20 ಮಾತ್ರ. ಪೊಟ್ಟಣದ ಮೇಲೆಯೇ ಈ ಅಂಕಿ ಅಚ್ಚಾಗಿರುತ್ತದೆ. ಅಪಘಾತದಲ್ಲಿ ರಕ್ತ ಸುರಿಯುತ್ತಿರುವವರಿಗೆ ದಪ್ಪ ಕ್ಯಾನುಲಾ ಬೇಕು. ದಿನಕ್ಕೆರಡು ಡೋಸ್ ಆಂಟಿಬಯಾಟಿಕ್ ಪಡೆಯುವ ಅಜ್ಜಿಗೆ ನೀಲಿಯೇ ಸಾಕು. ಚಿಕಿತ್ಸೆಗೆ ಸಾಲುವಷ್ಟು ಸಣ್ಣದು ಎಂಬುದು ಸೂತ್ರ. ನಾಳದೊಳಗೆ ಕ್ಯಾನುಲಾದ ಸುತ್ತ ರಕ್ತ ಹರಿಯಲು ಜಾಗವಿದ್ದರೆ ಉರಿಯೂತ ಕಡಿಮೆ.

ಕೃತಕ ತೋಳಿನ ಮೇಲೆ

ಕೌಶಲ ಪ್ರಯೋಗಾಲಯದ ಕೃತಕ ತೋಳಿಗೆ ನೋವಾಗುವುದಿಲ್ಲ, ಅದು ಕೈ ಎಳೆದುಕೊಳ್ಳುವುದೂ ಇಲ್ಲ. ಕ್ರಮ ಕೈಗೆ ಹತ್ತುವವರೆಗೆ ಇಲ್ಲೇ ಅಭ್ಯಾಸವಾಗಬೇಕು. ಕೈ ತೊಳೆಯುವುದು, ಟೂರ್ನಿಕೆ (ತೋಳಿಗೆ ಬಿಗಿಯುವ ಪಟ್ಟಿ) ಕಟ್ಟಿ ನಾಳ ಹುಡುಕುವುದು, ಅದನ್ನು ಬಿಚ್ಚುವುದು, ಶೇ 70ರ ಆಲ್ಕೋಹಾಲ್‌ನಲ್ಲಿರುವ ಶೇ 2ರ ಕ್ಲೋರ್‌ಹೆಕ್ಸಿಡಿನ್‌ನಿಂದ 30 ಸೆಕೆಂಡು ಉಜ್ಜುವುದು, ತಾನಾಗಿ ಒಣಗಲು ಬಿಡುವುದು, ಮತ್ತೆ ಟೂರ್ನಿಕೆ ಕಟ್ಟುವುದು. ಒಣಗುವ ಮುನ್ನ ಊದುವುದು, ಬೀಸುವುದು, ಶುಚಿ ಮಾಡಿದ ಜಾಗವನ್ನು ಮತ್ತೆ ಬೆರಳಿನಿಂದ ಒತ್ತಿ ನೋಡುವುದು ಇವು ಒಮ್ಮೆ ಅಂಟಿಕೊಂಡರೆ ಬಿಡದ ಅಭ್ಯಾಸಗಳು. ಆದ್ದರಿಂದ ಕೃತಕ ತೋಳಿನ ಮುಂದೆಯೇ ತಿದ್ದಬೇಕು.

ಇನ್ನು ಎಲ್ಲರೂ ಎಡವುವ ಜಾಗ. ಎಡಗೈ ಹೆಬ್ಬೆರಳಿನಿಂದ ನಾಳದ ಕೆಳಗಿನ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಇಲ್ಲದಿದ್ದರೆ ವಯಸ್ಸಾದವರ ನಾಳ ಪಕ್ಕಕ್ಕೆ ಜಾರುತ್ತದೆ. ಸೂಜಿಯ ಇಳಿಜಾರು ಮುಖ ಮೇಲಿರುವಂತೆ 10ರಿಂದ 30 ಡಿಗ್ರಿ ಕೋನದಲ್ಲಿ ಒಳನುಗ್ಗಿಸಿದಾಗ ಹಿಂಬದಿಯ ಪುಟ್ಟ ಕೋಣೆಯಲ್ಲಿ ರಕ್ತ ಕಾಣುತ್ತದೆ. ಇದೇ ಫ್ಲ್ಯಾಷ್‌ಬ್ಯಾಕ್. ಕಂಡ ಕೂಡಲೇ ಪ್ಲಾಸ್ಟಿಕ್ ನಳಿಗೆಯನ್ನು ತಳ್ಳಿದರೆ ಕೆಲಸ ಕೆಡುತ್ತದೆ. ಸೂಜಿಯ ತುದಿ ನಳಿಗೆಯ ತುದಿಗಿಂತ ತುಸು ಮುಂದಿರುತ್ತದೆ. ರಕ್ತ ಬಂದಿತೆಂದರೆ ಸೂಜಿ ನಾಳದಲ್ಲಿದೆ, ನಳಿಗೆ ಇನ್ನೂ ಗೋಡೆಯ ಹೊರಗಿದೆ ಎಂದರ್ಥ. ಕೋನವನ್ನು ಚರ್ಮಕ್ಕೆ ಸಮಾನಾಂತರವಾಗುವಷ್ಟು ತಗ್ಗಿಸಿ, ಇಡೀ ಉಪಕರಣವನ್ನು ಇನ್ನೆರಡು ಮೂರು ಮಿಲಿಮೀಟರ್ ಮುಂದೊತ್ತಿ, ಆಮೇಲೆ ಸೂಜಿಯನ್ನು ಅಲುಗಾಡದಂತೆ ಹಿಡಿದು ನಳಿಗೆಯನ್ನು ಮಾತ್ರ ಜಾರಿಸಬೇಕು. ಎರಡನೆಯ ಫ್ಲ್ಯಾಷ್ ನಳಿಗೆಯ ಉದ್ದಕ್ಕೂ ಕೆಂಪು ಗೆರೆಯಾಗಿ ಬಂದರೆ ಸರಿಯಾಗಿದೆ. ಹೊರಗೆಳೆದ ಸೂಜಿಯನ್ನು ಮತ್ತೆ ಒಳಗೆ ತೂರಿಸಲೇಬಾರದು. ಅದು ಪ್ಲಾಸ್ಟಿಕ್ಕನ್ನು ಕತ್ತರಿಸಿ ಚೂರು ರಕ್ತದೊಂದಿಗೆ ಹೃದಯದ ಕಡೆ ಹೋಗಬಹುದು. ಟೂರ್ನಿಕೆ ಬಿಚ್ಚಿ, ನಳಿಗೆಯ ತುದಿಯ ಮೇಲ್ಭಾಗದಲ್ಲಿ ನಾಳವನ್ನು ಒತ್ತಿ ಹಿಡಿದು ಸೂಜಿ ತೆಗೆದು, ನೇರವಾಗಿ ಬಿಳಿಯ ಚುಚ್ಚುನಿರೋಧಕ ಡಬ್ಬಿಗೆ ಹಾಕಬೇಕು.

ರೋಗಿಯ ಹಾಸಿಗೆಯ ಬಳಿ

ಮೇಲ್ವಿಚಾರಕರು ಪಕ್ಕದಲ್ಲಿ ನಿಂತಿರುವಾಗ ಮಾತ್ರ ಮೊದಲ ರೋಗಿಗಳು. ಯಾರು, ಏಕೆ, ಯಾವ ಕೈ ಎಂದು ಹೇಳಿ ಒಪ್ಪಿಗೆ ಕೇಳಬೇಕು. ಸತತ ಡ್ರಿಪ್ ಕಂಡ ಕೈಯಲ್ಲಿ ಕಣ್ಣಿಗೆ ದಪ್ಪಗೆ ಕಾಣುವ ನಾಳ ಮುಟ್ಟಿದರೆ ಹುರಿಯ ಹಾಗೆ ಗಟ್ಟಿಯಾಗಿರುತ್ತದೆ. ಅದನ್ನು ಬಿಟ್ಟು, ಕಾಣದಿದ್ದರೂ ಬೆರಳಿಗೆ ಪುಟಿಯುವ ನಾಳವನ್ನು ಆರಿಸಬೇಕು. ಇನ್ಫ್ಯೂಷನ್, ಅಂದರೆ ನಾಳದ ಮೂಲಕ ಔಷಧ, ದ್ರವ ಕೊಡುವ ನರ್ಸ್‌ಗಳ ಅಮೆರಿಕದ ಸಂಘವಾದ ಇನ್ಫ್ಯೂಷನ್ ನರ್ಸಸ್ ಸೊಸೈಟಿಯ ಮಾನದಂಡ ಒಬ್ಬ ಸಿಬ್ಬಂದಿಗೆ ಎರಡೇ ಪ್ರಯತ್ನಗಳನ್ನು ಅನುಮತಿಸುತ್ತದೆ. ಎರಡು ಸಲ ವಿಫಲವಾದರೆ ಹೆಚ್ಚು ಅನುಭವಿಗಳನ್ನು ಕರೆಯಬೇಕು. ಹೀಗೆ ಕರೆಯುವುದು ಅವಮಾನವಲ್ಲ, ಅದೂ ಪರೀಕ್ಷೆಯ ಭಾಗ. ಮೌಲ್ಯಮಾಪನ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಲೇಬೇಕು ಎಂಬುದು ನನ್ನ ಒತ್ತಾಯ.

ಪ್ರತಿ ಪ್ರಯತ್ನವನ್ನೂ ಲಾಗ್‌ಬುಕ್ಕಿನಲ್ಲಿ ಬರೆಯಬೇಕು: ದಿನಾಂಕ, ಗೇಜ್, ಜಾಗ, ಎಷ್ಟನೆಯ ಪ್ರಯತ್ನ, ಮೇಲ್ವಿಚಾರಕರ ಸಹಿ. ರೋಗಿಯ ಹೆಸರು ಬೇಡ. ಸೋತದ್ದನ್ನೂ ಬರೆಯಬೇಕು, ಏಕೆ ಸೋತಿತು ಎಂಬುದರ ಸಹಿತ. ಇಂಥಿಷ್ಟು ಯಶಸ್ವಿ ಪ್ರಯತ್ನಗಳ ಬಳಿಕ ಸ್ವತಂತ್ರವಾಗಿ ಹಾಕಬಹುದು ಎಂಬ ಸಂಖ್ಯೆಯನ್ನು ಆಯಾ ಆಸ್ಪತ್ರೆಯ ನೀತಿ ನಿರ್ಧರಿಸುತ್ತದೆ. ಆದರೆ ಸಂಖ್ಯೆ ಮುಟ್ಟಿತೆಂದು ಸಹಿ ಹಾಕುವುದಲ್ಲ. ಮೊದಲಿನಿಂದ ಕೊನೆಯವರೆಗೆ ನೋಡಿ ಸಹಿ ಹಾಕಬೇಕು. ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಪಡೆದ ಆಸ್ಪತ್ರೆಗಳು ಯಾವ ನರ್ಸ್ ಯಾವ ಕೆಲಸವನ್ನು ಸ್ವತಂತ್ರವಾಗಿ ಮಾಡಬಹುದು ಎಂಬುದನ್ನು ಲಿಖಿತವಾಗಿ ದಾಖಲಿಸಬೇಕು. ನಿಮ್ಮ ಮೊದಲ ನಿಜವಾದ ಪ್ರಮಾಣಪತ್ರ ಆ ದಾಖಲೆಯೇ. ಅದರ ಪ್ರತಿಯನ್ನು ಕೇಳಿ ಪಡೆಯಿರಿ.

ಹಾಕಿದ ಮೇಲಿನ ನಿಗಾ ಕೂಡ ತರಬೇತಿಗೆ ಸೇರಿದ್ದು. ಪ್ರತಿ ಪಾಳಿಯಲ್ಲೂ ಜಾಗವನ್ನು ನೋಡಿ ನೋವು, ಕೆಂಪು, ಊತವನ್ನು ನಾಳದ ಉರಿಯೂತವನ್ನು ಅಳೆಯುವ ವಿಐಪಿ ಅಂಕದಲ್ಲಿ ದಾಖಲಿಸಬೇಕು. ಬೇಡವಾದ ಕ್ಯಾನುಲಾವನ್ನು ಅದೇ ದಿನ ತೆಗೆಯಬೇಕು.

ಅಲ್ಟ್ರಾಸೌಂಡ್ ನೆರವು

ನಾಳ ಕಾಣದ, ಮುಟ್ಟಲೂ ಸಿಗದ ರೋಗಿಗಳಿಗೆ ಇದು ದೊಡ್ಡ ವರ. ಒತ್ತಿದರೆ ಅಭಿಧಮನಿ ಚಪ್ಪಟೆಯಾಗುತ್ತದೆ, ಅಪಧಮನಿ ಮಿಡಿಯುತ್ತಲೇ ಇರುತ್ತದೆ. ಪರದೆಯ ಮೇಲೆ ಅವನ್ನು ಬೇರ್ಪಡಿಸುವುದೇ ಇಲ್ಲಿನ ಆರಂಭದ ಪಾಠ. ಸೂಜಿಯ ತುದಿಯನ್ನು ಕಳೆದುಕೊಳ್ಳದೆ ಹಿಂಬಾಲಿಸುವುದು ಕಷ್ಟದ ಪಾಠ. ತೋಳಿನ ಬೆಸಿಲಿಕ್ ನಾಳದಿಂದ ಹೃದಯದ ಸಮೀಪದವರೆಗೆ ಸಾಗುವ ಪಿಕ್ ಲೈನ್ ಹಾಕಲು ಈ ಕೌಶಲ ಬೇಕೇ ಬೇಕು. ನಮ್ಮ ದೇಶದಲ್ಲಿ ಇನ್ನೊಂದು ಸಂಗತಿ ಗಮನದಲ್ಲಿರಲಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಗಳು ನೋಂದಾಯಿತವಾಗಿರಬೇಕು, ಬಳಸುವವರ ಅರ್ಹತೆಗೂ ನಿಯಮಗಳಿವೆ. ಆದ್ದರಿಂದ ನರ್ಸ್‌ಗಳು ಈ ತರಬೇತಿಗೆ ಸೇರುವ ಮುನ್ನ ಆಸ್ಪತ್ರೆಯ ಆಡಳಿತದಿಂದ ಲಿಖಿತ ಸ್ಪಷ್ಟನೆ ಪಡೆಯಬೇಕು.

ಅಂತರರಾಷ್ಟ್ರೀಯ ಪರೀಕ್ಷೆಗಳು

ಎರಡು ಹೆಸರುಗಳು ಹೆಚ್ಚು ಕೇಳಿಬರುತ್ತವೆ, ಎರಡೂ ಅಮೆರಿಕದವು. ಇನ್ಫ್ಯೂಷನ್ ಪರಿಣತಿಯ ಸಿಆರ್‌ಎನ್‌ಐ ಪರೀಕ್ಷೆ ನೋಂದಾಯಿತ ನರ್ಸ್‌ಗಳಿಗೆ ಮಾತ್ರ. ಅರ್ಜಿ ಹಾಕುವ ಹಿಂದಿನ ಎರಡು ವರ್ಷಗಳಲ್ಲಿ 1,600 ಗಂಟೆಗಳ ಇನ್ಫ್ಯೂಷನ್ ಅನುಭವ ಕೇಳುತ್ತದೆ. ರಕ್ತನಾಳಕ್ಕೆ ನಳಿಗೆ ಹಾಕುವ ಪರಿಣತಿಯ ವಿಎ-ಬಿಸಿ ಪರೀಕ್ಷೆಯನ್ನು ನರ್ಸ್‌ಗಳಲ್ಲದೆ ವೈದ್ಯರು, ಉಸಿರಾಟ ಚಿಕಿತ್ಸಕರು ಕೂಡ ಬರೆಯಬಹುದು. ಎರಡೂ ಮೂರು ವರ್ಷಗಳಿಗೊಮ್ಮೆ ನವೀಕರಣವಾಗಬೇಕು. ಭಾರತದ ನೋಂದಣಿಯನ್ನು ಯಾವ ಷರತ್ತಿನ ಮೇಲೆ ಪರಿಗಣಿಸುತ್ತಾರೆ ಎಂದು ಶುಲ್ಕ ಕಟ್ಟುವ ಮುನ್ನವೇ ಪತ್ರ ಬರೆದು ಕೇಳಿ. ಇವು ಜ್ಞಾನವನ್ನು ಅಳೆಯುವ ಬಹುಆಯ್ಕೆಯ ಪರೀಕ್ಷೆಗಳು, ಕೈಯನ್ನು ಅಳೆಯುವುದಿಲ್ಲ. ಆದ್ದರಿಂದ ಸಹಿ ಬಿದ್ದ ಲಾಗ್‌ಬುಕ್ಕಿಗೆ ಇವು ಬದಲಿಯಲ್ಲ.

ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ಓದಿ ಬ್ರಿಟನ್ನಿಗೆ ಹೋದವರಿಗೆ ಇದರ ಅನುಭವವಾಗುತ್ತದೆ. ಊರಿನಲ್ಲಿ ವರ್ಷಗಟ್ಟಲೆ ಕ್ಯಾನುಲಾ ಹಾಕಿದ್ದರೂ, ಅಲ್ಲಿನ ಆಸ್ಪತ್ರೆಗಳು ಸಾಮಾನ್ಯವಾಗಿ ತಮ್ಮದೇ ತರಬೇತಿ, ತಮ್ಮದೇ ಮೇಲ್ವಿಚಾರಣೆ ಮುಗಿದ ಮೇಲಷ್ಟೇ ರೋಗಿಯ ಬಳಿ ಬಿಡುತ್ತವೆ. ಬೇಸರ ಬೇಡ. ಹೊಸ ಜಾಗದ ಉಪಕರಣ ಬೇರೆ, ಸುರಕ್ಷತಾ ಗುಂಡಿ ಒತ್ತುವ ಕ್ರಮ ಬೇರೆ, ದಾಖಲಿಸುವ ರೀತಿ ಬೇರೆ. ಹೊರಡುವ ಮುನ್ನ ಲಾಗ್‌ಬುಕ್ಕಿನ ಪ್ರತಿಯನ್ನು ಆಸ್ಪತ್ರೆಯ ಮುದ್ರೆಯೊಂದಿಗೆ ದೃಢೀಕರಿಸಿಕೊಳ್ಳಿ. ಕೆಲಸ ಬಿಟ್ಟ ಮೇಲೆ ದೂರದಿಂದ ಕೇಳಿದರೆ, ಸಹಿ ಹಾಕಿದ ಮೇಲ್ವಿಚಾರಕರೂ ಅಷ್ಟರಲ್ಲಿ ಬೇರೆಡೆಗೆ ಹೋಗಿದ್ದರೆ, ಅದನ್ನು ತರಿಸಿಕೊಳ್ಳುವುದು ಬಹಳ ಕಷ್ಟ.